ಎಲ್ಲರಿಗೂ ಒಂದು ಗಂಟೆ ಹೆಚ್ಚು ನಿದ್ದೆ

ಆ ಪಾಠ ಬರೆದವರು ಎದುರು ಸಿಕ್ಕಿದರೆ ನಮ್ಮ ವೃದ್ಧಾಶ್ರಮದ ಕೊಳೆ ಬಟ್ಟೆಯ ಬುಟ್ಟಿಯಲ್ಲಿ ಅವರ ತಲೆ ಅದ್ದಿಬಿಡುತ್ತೇನೆ. ಒಂದೇ ಪುಟದ ಇಂಗ್ಲಿಷ್ ಪಾಠ. ಚಳಿಗಾಲ ಬರುತ್ತಿದೆಯೆಂದು ಅಕ್ಟೋಬರ್ ಕೊನೆಯ ಭಾನುವಾರ ನಸುಕಿನ ಎರಡಕ್ಕೆ ಈ ದೇಶದ ಗಡಿಯಾರಗಳೆಲ್ಲ ಒಂದು ಗಂಟೆ ಹಿಂದಕ್ಕೆ ಹೋಗುತ್ತವೆ, ಎಲ್ಲರೂ ಒಂದು ಗಂಟೆ ಹೆಚ್ಚು ಮಲಗುತ್ತಾರೆ ಎಂದು ಅದರಲ್ಲಿತ್ತು. ಪಕ್ಕದಲ್ಲಿ ಕಂಬಳಿಯೊಳಗೆ ನಗುತ್ತಾ ಮಲಗಿದ ದಪ್ಪ ಗಂಡಸಿನ ಚಿತ್ರ. ಆ ನಗು ನೋಡಿದರೆ ನನಗೆ ಮೈ ಉರಿಯುತ್ತದೆ.

ಇಂಗ್ಲಿಷರ ನಾಡಿನ ಹಲ್ ಎಂಬ ಊರಿನ ಈ ಆಶ್ರಮದಲ್ಲಿ ನಾನು ಇಪ್ಪತ್ತು ವರ್ಷದಿಂದ ಬಟ್ಟೆ ಒಗೆಯುತ್ತಿದ್ದೇನೆ. ಇಥಿಯೋಪಿಯಾದ ತ್ಸಿಗೆರೆದಾ ಬಂದು ಮೂರು ವರ್ಷ. ಅಂದಿನಿಂದ ಅವಳಿಗೆ ಇಲ್ಲಿನ ಮುದುಕರನ್ನು ನೋಡಿಕೊಳ್ಳುವ ರಾತ್ರಿ ಪಾಳಿಯೇ. ಅವಳ ದೇಶದಲ್ಲಿ ಸೂರ್ಯ ಹುಟ್ಟಿದ ಮೇಲೆ ಗಂಟೆ ಎಣಿಸಲು ಶುರುಮಾಡುತ್ತಾರಂತೆ. ಗಡಿಯಾರ ತಿರುಚುವ ಗೊಡವೆ ಅಲ್ಲಿಲ್ಲ. ಇಂಗ್ಲಿಷ್ ಪರೀಕ್ಷೆ ಪಾಸಾದರೆ ಅವಳಿಗೆ ಹಗಲು ಪಾಳಿಯ ಮೇಲ್ವಿಚಾರಕಿಯ ಕೆಲಸ ಕಾದಿತ್ತು. ಮೂರು ವರ್ಷದ ಮೇಲೆ ಕತ್ತಲಲ್ಲಿ ಮಲಗಬಹುದಿತ್ತು, ಪಾಪ.

ಇಂಗ್ಲಿಷ್ ತರಗತಿ ಚರ್ಚಿನ ಸಭಾಂಗಣದಲ್ಲಿ, ಗುರುವಾರ ಮಧ್ಯಾಹ್ನ. ಅಲ್ಲಿ ಚಹಾ ಕೊಡುವವಳು ನಾನೇ. ಪರೀಕ್ಷೆಯಲ್ಲಿ ಆ ಪಾಠದ ಮೇಲೆ ಸರಿಯೋ ತಪ್ಪೋ ಬರೆಯುವ ಪ್ರಶ್ನೆ ಬಂತು: ಎಲ್ಲರಿಗೂ ಒಂದು ಗಂಟೆ ಹೆಚ್ಚು ನಿದ್ದೆ ಸಿಗುತ್ತದೆ. ತ್ಸಿಗೆರೆದಾ ತಪ್ಪು ಎಂದು ಬರೆದಳು. ಒಂದೇ ಅಂಕಕ್ಕೆ ಫೇಲಾದಳು.

ಟೀಚರ್ ವಿನಿಫ್ರೆಡ್ ಅವಳನ್ನು ಹತ್ತಿರ ಕೂರಿಸಿಕೊಂಡಳು. "ಚಿನ್ನಾ, ಉತ್ತರ ಪಾಠದಲ್ಲೇ ಇದೆಯಲ್ಲ. ಎಲ್ಲರೂ ಅಂತ ಬರ್ದಿಲ್ವಾ?"

"ಆ ರಾತ್ರಿ ನಾನು ಪಾಳಿಯಲ್ಲಿದ್ದೆ, ಮಲಗಿರ್ಲಿಲ್ಲ ಮೇಡಂ. ಎರಡು ಹೊಡೀತು, ಮತ್ತೆ ಒಂದಕ್ಕೆ ಇಳಿಸಿದ್ರು. ನಾನು ಆ ಒಂದು ಗಂಟೇನ ಎರಡು ಸಲ ದುಡಿದೆ. ನಮ್ಮ ಆಶ್ರಮದ ಥರ್ಲೋ ತಾತನ ಹಾಸಿಗೆ ಬಟ್ಟೆ ಮೂರು ಸಲ ಬದಲಾಯಿಸ್ದೆ."

"ಅದೆಲ್ಲ ನಿಜ ಇರಬಹುದು, ಪುಟ್ಟಾ. ಆದ್ರೆ ಪಾಠದಲ್ಲಿ ನೀನಿಲ್ವಲ್ಲ."

ಆ ಹಾಸಿಗೆಯ ಬಟ್ಟೆಗಳನ್ನು ಒಗೆದವಳು ನಾನು. ಅವುಗಳ ನಾತ ನನಗೆ ಗೊತ್ತು. ವಿನಿಫ್ರೆಡಳ ಆ ಮಾತಿನ ಮುಂದೆ ಆ ನಾತವೇ ವಾಸಿ ಎನ್ನಿಸಿತು. ನಾನು ಬಾಯಿ ತೆರೆಯುವಷ್ಟರಲ್ಲಿ ತ್ಸಿಗೆರೆದಾ ನನ್ನ ಕೈ ಹಿಡಿದು ಸುಮ್ಮನಿರಿಸಿದಳು. ಮುಂದಿನ ಗುರುವಾರ ಇನ್ನೊಂದು ಅವಕಾಶ ಕೊಡುತ್ತಾರೆ, ಪ್ರಶ್ನೆಪತ್ರಿಕೆ ಅದೇ, ಜಗಳ ಬೇಡ ಎಂದಳು.

ಆ ಗುರುವಾರ ಅವಳು ರಾತ್ರಿ ಪಾಳಿ ಮುಗಿಸಿ, ಬೆಳಿಗ್ಗೆಯಿಂದ ಕಣ್ಣು ಮುಚ್ಚದೆ ಬಂದಿದ್ದಳು. ಪೆನ್ನು ಹಿಡಿದ ಕೈ ಆ ಪ್ರಶ್ನೆಯ ಮೇಲೆ ಬಹಳ ಹೊತ್ತು ನಿಂತಿತ್ತು. ಆಮೇಲೆ ಬರೆದಳು. ತ್ಸಿಗೆರೆದಾ ಪಾಸಾದಳೆಂದು ವಿನಿಫ್ರೆಡ್ ಚಪ್ಪಾಳೆ ತಟ್ಟಿ ಎಲ್ಲರಿಗೂ ಬಿಸ್ಕತ್ತು ಹಂಚಿದಳು. ಥೂ, ಆ ಬಿಸ್ಕತ್ತನ್ನು ನಾನು ಮುಟ್ಟಲಿಲ್ಲ.

ಬಸ್ಸಿಗೆ ಕಾಯುತ್ತಾ ಕೇಳಿದೆ: "ಸರಿ ಅಂತ ಬರೆದ್ಯಾ ಕಣೇ?"

"ಬರೆದೆ ಅಕ್ಕಾ," ಎಂದಳು ನನ್ನ ಮುಖ ನೋಡದೆ. "ಸುಳ್ಳು ಬರೆಯೋವಷ್ಟು ಇಂಗ್ಲಿಷ್ ನನಗೀಗ ಬರುತ್ತೆ ಅಂತ ಸರ್ಟಿಫಿಕೇಟ್ ಕೊಡ್ತಾರೆ."