ಅಂಚಿನ ಮೇಲೆ ಕೂತ ತೊಲೆ

ಪೋರ್ಟ್ ಪಿರಿ ಊರಿನಲ್ಲಿ, ಹುಲ್ಲಿನ ಮೇಲೆ ಚೆಂಡು ಉರುಳಿಸಿ ಆಡುವ ನಮ್ಮ ಬೌಲ್ಸ್ ಕ್ಲಬ್ಬು ನಿಂತಿರುವುದೇ ತನ್ನ ಹೆಗಲ ಮೇಲೆ ಎಂದು ಲೈಯಲ್ ಟ್ರೆಂಬಾತ್ ಬಹಳ ವರ್ಷಗಳಿಂದ ಹೇಳುತ್ತ ಬಂದಿದ್ದಾನೆ. ಹುಲ್ಲು ಕತ್ತರಿಸುವವರು ನಾವು, ಸಾಸೇಜು ಸುಡುವವಳು ಅವನ ಹೆಂಡತಿ. ಹೊರೆ ಮಾತ್ರ ಅವನದು. ಊರಿನ ಇಟ್ಟಿಗೆ ಪರೀಕ್ಷೆಯ ಶೆಡ್ಡಿಗೂ ಅವನೇ ಮುಖ್ಯಸ್ಥ, ನಾನು ಅವನ ಕೈಕೆಳಗಿನವನು. ಒತ್ತುವ ಯಂತ್ರದಡಿ ಇಟ್ಟಿಗೆಯ ಕಂಬವನ್ನು ಕೂದಲೆಳೆಯಷ್ಟೂ ಆಚೀಚೆಯಾಗದಂತೆ ನಟ್ಟನಡುವೆ ನಿಲ್ಲಿಸುವುದರಲ್ಲಿ ಅವನಿಗೆ ಸಮಾನರಿಲ್ಲ. ಇದನ್ನೂ ಅವನೇ ಹೇಳಿದ್ದು.

ಕ್ಲಬ್ಬಿನ ಹೊಸ ಗೋಡೆಯನ್ನು ಅವನ ತಂಗಿಯ ಗಂಡ ಕ್ಲೆಮ್ ತನ್ನ ಶನಿವಾರಗಳನ್ನೆಲ್ಲ ಸುರಿದು ಪುಕ್ಕಟೆ ಕಟ್ಟಿಕೊಟ್ಟ. ಆದರೆ ಚಾವಣಿಯ ತೊಲೆ ಕುಯ್ಯುವಾಗ ಅದರ ಉದ್ದ ನಾಲ್ಕು ಬೆರಳಿನಷ್ಟು ಕಡಿಮೆಯಾಗಿ, ಅದು ಗೋಡೆಯ ನಡುವಿಗೆ ಬರದೆ ಒಳ ಅಂಚಿನ ಮೇಲೆ ಕೂತಿತು.

"ಕೆಡವ್ಬೇಕು," ಎಂದು ಲೈಯಲ್ ಸಮಿತಿಯೆದುರು ತೀರ್ಪು ಕೊಟ್ಟ. "ಭಾರವೆಲ್ಲ ಅಂಚಿಗೇ ಬೀಳತ್ತೆ. ಅಂಚು ಪುಡಿಯಾಗತ್ತೆ."

"ಅದು ಗೋಡೆ ಮಾರಾಯ, ಬಿಸ್ಕತ್ತಲ್ಲ," ಎಂದ ಕ್ಲೆಮ್.

"ಶೆಡ್ಡಿಗೆ ಬಾ, ತೋರಿಸ್ತೀನಿ. ಆಮೇಲೆ ಸುತ್ತಿಗೆ ನೀನೇ ಹಿಡಿ."

ಅದೇ ಇಟ್ಟಿಗೆ, ಅದೇ ಗಾರೆಯ ಕಂಬಗಳನ್ನು ಕಟ್ಟಿಸಿದ. ಒಂದನ್ನು ನಡುವೆ ಒತ್ತಿ ಮುರಿದು, ಇಟ್ಟಿಗೆಯ ಶಕ್ತಿ ಇಷ್ಟೇ ಎಂದು ತೀರ್ಮಾನಿಸಿದ. ಆ ಲೆಕ್ಕದ ಪ್ರಕಾರ ಅಂಚಿಗೆ ಒತ್ತಿದ ಕಂಬ ಎಲ್ಲಿ ಪುಡಿಯಾಗಬೇಕೋ ಅಲ್ಲಿ, ಯಂತ್ರದ ಭಾರ ತೋರಿಸುವ ಮುಳ್ಳಿನ ತಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದ. ಇದನ್ನು ಚೆನ್ನಾಗಿ ದಾಟಿದರೆ ಗೋಡೆ ಉಳಿಯಲಿ ಎಂದು ಉದಾರವಾಗಿ ಒಪ್ಪಿಯೂ ಬಿಟ್ಟ.

ಸಮಿತಿಯವರು ಚಹಾದ ಲೋಟ ಹಿಡಿದು ಸುತ್ತ ನಿಂತರು. ಯಂತ್ರ ಇನ್ನೊಂದು ಕಂಬವನ್ನು ಅಂಚಿನಲ್ಲಿ ಒತ್ತತೊಡಗಿತು. ಮುಳ್ಳು ಗೆರೆಗೆ ಬಂತು. ಲೈಯಲ್ ಕಿವಿಗೆ ಬೆರಳಿಟ್ಟುಕೊಂಡ. ಮುಳ್ಳು ಗೆರೆ ದಾಟಿತು. ಅವನು ಬೆರಳು ತೆಗೆದ.

"ಕಂಬಕ್ಕೆ ನಿನ್ನ ಗೆರೆ ಕಾಣಿಸ್ಲಿಲ್ಲ ಅನ್ಸತ್ತೆ," ಎಂದ ಕ್ಲೆಮ್.

ಕಂಬ ಸೀಳಿದ್ದು ಎಷ್ಟೋ ಆಚೆಗೆ. "ಯಂತ್ರ ಕೆಟ್ಟಿದೆ," ಎಂದು ಲೈಯಲ್ ಇನ್ನೊಂದನ್ನು ಒತ್ತಿಸಿದ. ಅದೂ ಹಾಗೆಯೇ ಮಾಡಿತು. ನಡುವೆ ಒತ್ತಿದಾಗ ಇಡೀ ಕಂಬ ಸಮನಾಗಿ ನಲುಗುತ್ತದೆ, ಯಾರೂ ಯಾರ ನೆರವಿಗೂ ಬರುವುದಿಲ್ಲ. ಅಂಚಿಗೆ ಒತ್ತಿದಾಗ ಪಕ್ಕದ ಭಾಗಕ್ಕೆ ಅಷ್ಟು ಭಾರವಿರುವುದಿಲ್ಲ. ನಲುಗುವ ಅಂಚನ್ನು ಅದು ಹಿಡಿದುಕೊಳ್ಳುತ್ತದೆ. ನಟ್ಟನಡುವೆಯೇ ಒತ್ತುತ್ತ ಬಂದ ಲೈಯಲ್‌ಗೆ ಇದನ್ನು ನೋಡುವ ಭಾಗ್ಯ ಸಿಕ್ಕಿರಲಿಲ್ಲ.

ಗೋಡೆ ಉಳಿಯಿತು. ಉದ್ಘಾಟನೆಯ ದಿನ ಲೈಯಲ್ ಅದೇ ತೊಲೆಯ ಕೆಳಗೆ ನಿಂತು ಭಾಷಣ ಮಾಡಿದ: "ಈ ಗೋಡೆ ಇವತ್ತು ನಿಂತಿದೆ ಅಂದ್ರೆ, ಆ ಹೊರೆ ಹೊತ್ತಿದ್ದು ನಾನು."

"ಹೌದು ಲೈಯಲ್, ನೀನೇ," ಎಂದ ಕ್ಲೆಮ್, ಬ್ರೆಡ್ಡಿನಲ್ಲಿ ಸಾಸೇಜು ಸುತ್ತಿಕೊಳ್ಳುತ್ತ. "ಹಂಗೇ ಆ ಕುರ್ಚಿಗಳನ್ನೂ ಒಳಗಿಟ್ಬಿಡು."

ಲೈಯಲ್ ನನ್ನ ಕಡೆ ನೋಡಿದ. ಕುರ್ಚಿಗಳನ್ನು ನಾನು ಒಳಗಿಟ್ಟೆ.