ಬೆರಳಚ್ಚಿಲ್ಲದ ಡೈರೆಕ್ಟರ್

ಕಾರ್ಕಳದ ಗೇರುಬೀಜದ ಕಾರ್ಖಾನೆಯಲ್ಲಿ ಬೀಜ ಒಡೆದೂ ಒಡೆದೂ ನನ್ನ ಬೆರಳಿನ ಗೆರೆಗಳೆಲ್ಲ ಸವೆದಿವೆ. ಸಿಪ್ಪೆಯ ಎಣ್ಣೆ ಚರ್ಮ ಸುಡುತ್ತದೆ. ರೇಷನ್ ಅಂಗಡಿಯ ಯಂತ್ರ ನನ್ನ ಹೆಬ್ಬೆಟ್ಟನ್ನು ಒಪ್ಪುವುದಿಲ್ಲ. ಎರಡನೇ ಕ್ಲಾಸಿನಲ್ಲಿ ಕಲಿತ ಸಹಿಯೇ ನನ್ನ ದೊಡ್ಡಸ್ತಿಕೆ. ಒಮ್ಮೆ ಧಣಿಗಳು ವಿಮೆಗೆಂದು ಆಧಾರ್, ಫೋಟೋ ತೆಗೆದುಕೊಂಡು ಕಾಗದದ ಕಟ್ಟು ಮುಂದಿಟ್ಟಾಗ ಶಾಯಿಯ ಡಬ್ಬಿ ಸರಿಸಿ ಪ್ರತಿ ಪುಟಕ್ಕೂ ದುಂಡಗೆ ಹೆಸರು ಬರೆದೆ. ಜೊತೆಯವರು ನೋಡಲಿ ಎಂದು ನಿಧಾನವಾಗಿಯೇ ಬರೆದೆ.

ಈ ವರ್ಷ ಮಗಳಿಗೆ ಏಳನೇ ತಿಂಗಳಿಗೇ ಹೆರಿಗೆಯಾಯಿತು. ಅಜ್ಜಿಯಾದೆ ಎಂದು ಬಸ್ಸಿನಲ್ಲಿ ಕಂಡವರಿಗೆಲ್ಲ ಹೇಳುತ್ತ ಮಣಿಪಾಲಕ್ಕೆ ಹೋದೆ. ಮೊಮ್ಮಗಳು ಗಾಜಿನ ಪೆಟ್ಟಿಗೆಯಲ್ಲಿದ್ದಳು, ಅಂಗೈಯಷ್ಟೇ. ಬಿಪಿಎಲ್ ಕಾರ್ಡು ಕೊಟ್ಟರೆ ಕೌಂಟರಿನವರು, "ಇದು ರದ್ದಾಗಿದೆ ಅಜ್ಜಿ" ಎಂದರು. ನಮ್ಮ ಊರಾದ ಕಾಪುವಿನ ತಾಲೂಕು ಕಚೇರಿಗೆ ಓಡಿದೆ.

"ಎಂತಕ್ಕೆ ರದ್ದು ಸಾರ್?"

ಗುಮಾಸ್ತರು ನಕ್ಕರು. "ನಿಮ್ಮ ಹೆಸರಲ್ಲಿ ಎರಡು ಕಂಪನಿ ಉಂಟಲ್ವಾ? ಕೋಟಿಗಟ್ಟಲೆ ವ್ಯವಹಾರ! ನೀವೇ ನಮಗೆ ಕೆಲಸ ಕೊಡಬೇಕು ಅಜ್ಜಿ."

ನನ್ನ ಮುಖ ನೋಡಿ ನಗು ನಿಲ್ಲಿಸಿದರು. ಯಾರದೋ ಕಳ್ಳ ಹಣ ಆ ಕಂಪನಿಗಳೊಳಗೆ ಹೊಕ್ಕು ವ್ಯಾಪಾರದ ಹಣವಾಗಿ ಹೊರಬರುತ್ತದಂತೆ. ಹಣದವನ ಹೆಸರು ಎಲ್ಲಿಯೂ ಇಲ್ಲ. ಇರುವುದು ನನ್ನ ದುಂಡಗಿನ ಸಹಿ. ಪೊಲೀಸ್ ದೂರಿನ ಪ್ರತಿ ತಂದರೆ ಕಾರ್ಡಿಗೆ ದಾರಿ ಉಂಟು, ಆದರೆ ನಿಮ್ಮನ್ನೂ ವಿಚಾರಿಸುತ್ತಾರೆ ಎಂದರು.

ಜೈಲು ಎಂದೇ ಕೇಳಿಸಿತು ನನಗೆ. ದೂರು ಬೇಡ, ಧಣಿಗಳ ಕಾಲು ಹಿಡಿಯುತ್ತೇನೆ ಎಂದು ಕಾರ್ಕಳದ ಬಸ್ಸು ಹತ್ತಿದೆ.

"ಮಾಲಕಿ ಮಾಡಿದ್ದಕ್ಕೆ ಅಳುವುದಾ ಮಾರಾಯ್ತಿ?" ಎಂದು ಅವರು ಇನ್ನೊಂದು ಕಟ್ಟು ತೆಗೆದರು. "ಇದಕ್ಕೂ ಸಹಿ ಹಾಕು. ಆಸ್ಪತ್ರೆಯ ಖರ್ಚು ನನ್ನದು."

ಪೆನ್ನು ಹಿಡಿದೆ. ಸುಳ್ಳು ಹೇಳುವುದಿಲ್ಲ, ಹಿಡಿದೆ. ಗಾಜಿನೊಳಗೆ ಏರಿಳಿಯುವ ಆ ಪುಟ್ಟ ಎದೆಯೇ ಕಣ್ಣ ಮುಂದೆ. "ಒಮ್ಮೆ ಓದಿ ಹೇಳಿ ಧಣಿಗಳೇ" ಎಂದೆ.

"ಓದಿದರೆ ನಿನಗೆ ಅರ್ಥ ಆಗ್ಲಿಕ್ಕುಂಟಾ?"

ಪೆನ್ನು ಕೆಳಗಿಟ್ಟೆ. ಹೊರಗೆ ಮೆಟ್ಟಿಲ ಮೇಲೆ ಕುಳಿತು ಗಟ್ಟಿಯಾಗಿ ಅತ್ತೆ. ಬೀಜ ಒಡೆಯುವವರು ಎದ್ದು ಬಂದರು. ವಿಷಯ ಕೇಳಿ ಒಬ್ಬಳ ಮುಖ ಕಪ್ಪಿಟ್ಟಿತು. "ಅಕ್ಕಾ, ಆ ದಿನ ನಿಮ್ಮನ್ನು ನೋಡಿ ನಾನೂ ಸಹಿ ಹಾಕಿದೆ."

ಇಬ್ಬರೂ ಕೈ ಹಿಡಿದುಕೊಂಡೇ ಠಾಣೆಯ ಮೆಟ್ಟಿಲು ಹತ್ತಿದೆವು.

ಕೆಲಸ ಹೋಯಿತು. ವಿಚಾರಣೆ ಇನ್ನೂ ನಡೆಯುತ್ತಿದೆ, ಕಂಪನಿಗಳಲ್ಲಿ ಇಂದಿಗೂ ನಾನೇ ಡೈರೆಕ್ಟರ್. ಕಾರ್ಡು ಮಾತ್ರ ಮರಳಿತು.

ನಿನ್ನೆ ಆಸ್ಪತ್ರೆಯಲ್ಲಿ ನರ್ಸ್ ಒಂದು ಕಾಗದ ಕೊಟ್ಟು ಸಹಿ ಕೇಳಿದಳು.

"ಓದಿ ಹೇಳು ಮಗಾ."

"ಮಗು ಆರೋಗ್ಯವಾಗಿದೆ, ಮನೆಗೆ ಕರೆದುಕೊಂಡು ಹೋಗಬಹುದು ಅಂತ ಉಂಟು ಅಜ್ಜಿ."

"ಇನ್ನೊಮ್ಮೆ ಓದು" ಎಂದೆ.