ಇಲಿಯ ಜೀನಿನ ನಾಲ್ಕನೇ ತುಂಡು

ನನಗೆ ತಾಳ್ಮೆ ಕಡಿಮೆ. ಹಾಗಿದ್ದೂ ನಾಲ್ಕು ವರ್ಷ ಒಂದೇ ಒಂದು ಜೀನಿನ ಹಿಂದೆ ಬಿದ್ದಿದ್ದೆ, ಅದೂ ಇಲಿಯದು. ಸುಂಟಿಕೊಪ್ಪದ ಬಸ್ಸಿನಲ್ಲಿ ಯಾರಾದರೂ ‘ಮಡಿಕೇರೀಲಿ ಎಂತ ಕೆಲಸ?’ ಎಂದು ಕೇಳಿದರೆ ‘ಕಾಲೇಜಲ್ಲಿ’ ಎಂದಷ್ಟೇ ಹೇಳಿ ಕಿಟಕಿಯ ಕಡೆ ತಿರುಗುತ್ತಿದ್ದೆ. ಇಲಿ ಅಂದ ಕೂಡಲೇ ಮುಂದಿನ ಪ್ರಶ್ನೆ ಬೋನಿನದೋ ಪಾಷಾಣದ್ದೋ ಆಗಿರುತ್ತಿತ್ತು.

ಈ ಜೀನ್ ಒಂಥರಾ ಮೇಸ್ತ್ರಿ. ತಾನು ಕೈ ಹಚ್ಚುವುದಿಲ್ಲ. ಬೇರೆ ಜೀನ್‌ಗಳಿಗೆ ‘ನೀನು ಶುರು ಮಾಡು, ನೀನು ನಿಲ್ಲಿಸು’ ಎನ್ನುತ್ತದೆ. ಯಾವ ಅಂಗದಲ್ಲಿ ಈ ಮೇಸ್ತ್ರಿ ಕೆಲಸಕ್ಕೆ ಇಳಿದಿದ್ದಾನೆ, ಯಾವುದರಲ್ಲಿ ಇಲ್ಲ ಎಂದು ಹುಡುಕುವುದೇ ನನ್ನ ಪಿಎಚ್.ಡಿ. ಮೈಸೂರಿನಿಂದ ಐಸ್ ಪೆಟ್ಟಿಗೆಯಲ್ಲಿ ಇಲಿಯ ಮೆದುಳು, ಹೃದಯ, ಮೂತ್ರಪಿಂಡ, ವೃಷಣಗಳ ಸ್ಯಾಂಪಲ್ ಬರುತ್ತಿತ್ತು. ಅದಕ್ಕೆ ಪ್ರೈಮರ್ ಹಾಕಿ, ಪಿಸಿಆರ್ ಯಂತ್ರದಲ್ಲಿ ಲಕ್ಷಪಟ್ಟು ಹೆಚ್ಚಿಸಿ, ಜೆಲ್ ಎನ್ನುವ ಲೋಳೆಯ ಹಾಳೆಯಲ್ಲಿ ಕರೆಂಟು ಕೊಟ್ಟು ಓಡಿಸುತ್ತಿದ್ದೆ. ಕೆಲಸಕ್ಕಿಳಿದ ಜೀನಿನಿಂದ ಜೀವಕೋಶ ಒಂದು ನಕಲು ತೆಗೆಯುತ್ತದೆ; ಪ್ರೈಮರ್ ಎಂದರೆ ಆ ನಕಲಿನ ಒಂದು ಜಾಗಕ್ಕೆ ಮಾತ್ರ ಹೋಗಿ ಅಂಟುವ ಪುಟ್ಟ ಎಳೆ. ಆ ತುದಿಗೊಂದು ಈ ತುದಿಗೊಂದು, ಎರಡೂ ಅಂಟಿದರೆ ಮಾತ್ರ ಜೆಲ್ ಮೇಲೆ ಅತಿನೇರಳೆ ಬೆಳಕಿನಡಿ ಗೆರೆ ಕಾಣುತ್ತದೆ. ಮೆದುಳಿನ ಸಾಲಿನಲ್ಲಿ ದಪ್ಪ ಗೆರೆ ಬರುತ್ತಿತ್ತು. ವೃಷಣದ ಸಾಲು ಪ್ರತಿ ಸಲವೂ ಖಾಲಿ.

ನನ್ನ ಗೈಡ್ ಮೇಡಂ ಚಿಕ್ಕ ವಯಸ್ಸಿನಲ್ಲಿ ಬರೆದ ಪ್ರಬಂಧದಲ್ಲೂ ಹಾಗೆಯೇ ಇತ್ತು: ವೃಷಣದಲ್ಲಿ ಈ ಜೀನ್ ಕೆಲಸ ಮಾಡುವುದಿಲ್ಲ. ಅವರಿಗೆ ಹೆಸರು ತಂದದ್ದು ಆ ಪ್ರಬಂಧವೇ. ನನ್ನ ಸಂಕಟವೂ ಅದೇ ಆಗಿತ್ತು. ನಾನು ಕಂಡದ್ದೆಲ್ಲ ಅವರು ಕಂಡದ್ದೇ ಆದರೆ ಥೀಸಿಸ್‌ನಲ್ಲಿ ನನ್ನದು ಅಂತ ಏನಿದೆ? ಹೊಸದೊಂದು ಸಿಗದೆ ಪದವಿಯೂ ಇಲ್ಲ. ಇದ್ದದ್ದು ಒಂದೇ ಒಂದು ಕಿರಿಕಿರಿ. ಈ ಜೀನ್ ಮಾಡಿಸುವ ಪ್ರೋಟೀನನ್ನು ಹುಡುಕುವ ಪರೀಕ್ಷೆಯಲ್ಲಿ ಮಾತ್ರ ವೃಷಣದಲ್ಲೂ ಮಸುಕು ಗೆರೆಯೊಂದು, ಇರಬೇಕಾದ್ದಕ್ಕಿಂತ ಗಿಡ್ಡ ಪ್ರೋಟೀನಿನದು, ಬರುತ್ತಿತ್ತು. ‘ಕೊಳೆ ಇರ್ಬೇಕು, ಚೆನ್ನಾಗಿ ತೊಳಿ’ ಎಂದಿದ್ದರು ಮೇಡಂ. ತೊಳೆದೂ ತೊಳೆದೂ ನನ್ನ ಕೈ ಬಿಳಿಚಿಕೊಂಡಿತೇ ಹೊರತು ಗೆರೆ ಹೋಗಲಿಲ್ಲ.

ಒಂದು ಭಾನುವಾರ ತಿಂಡಿಯ ಹೊತ್ತಿಗೆ ಅಪ್ಪನ ಮುಂದೆ ಗೊಣಗುತ್ತಿದ್ದೆ. ಅಪ್ಪ ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು. ದಿನಾ ಬೆಳಿಗ್ಗೆ ಕೆಲಸದವರ ಹಾಜರಿ ಕರೆಯುವುದು ಅವರ ಕೆಲಸವಾಗಿತ್ತು. ಅವರಿಗೆ ಅರ್ಥವಾಗಲಿ ಎಂದು ‘ಕೆಲಸ ಆಗಿದೆ ಅಪ್ಪ, ಮಾಡಿದ ಆಳು ಮಾತ್ರ ಆಬ್ಸೆಂಟು!’ ಎಂದೆ.

ಅಪ್ಪ ನಕ್ಕರು. ‘ನಂಗೂ ಒಂದ್ಸಲ ಹಂಗೇ ಆಗಿತ್ತು ಮಗ. ಹಣ್ಣು ಕುಯ್ಯೋ ಪಿಕ್ಕಿಂಗ್ ಟೈಮು. ಹಾಜರಿ ಕರಿಯದು ಹಣ್ಣು ಸುಲಿಯೋ ಪಲ್ಪರ್ ಮಿಷಿನ್ ಹತ್ರ. ಮೇಲಿನ ಲೈನ್ ಮನೆ ಆಳುಗಳು ಅಲ್ಲಿಗ್ ಬರ್ದೆ ಸೀದಾ ತೋಟಕ್ಕೆ ಹೋಗ್ಬಿಟ್ಟಿದ್ರು. ನಾನು ಒಬ್ರೂ ಬಂದಿಲ್ಲ ಅಂತ ಬರ್ಕೊಂಡೆ. ಸಾಯಂಕಾಲ ಒಂದು ಅಜ್ಜಿ ಬಂದು ಚೀಲದ ಹಣ್ಣೆಲ್ಲ ನನ್ನ ಕಾಲ್ ಹತ್ರ ಸುರ್ದು, ಇದನ್ನ ಯಾರು ಕುಯ್ದಿದ್ದು ರೈಟ್ರೇ ಅಂತ ಕೇಳ್ತು.’

‘ನೀವೆಂತ ಹೇಳಿದ್ರಿ?’

‘ಎಂತ ಹೇಳದು? ನಾನು ನಿಂತಿದ್ ಜಾಗದಲ್ಲಿ ಅವ್ರು ಹಾದು ಹೋಗ್ಲೇ ಇಲ್ಲ, ಅಷ್ಟೇ.’

ಕೈಯಲ್ಲಿದ್ದ ಅಕ್ಕಿರೊಟ್ಟಿ ತಟ್ಟೆಗೆ ಬಿತ್ತು. ನಮ್ಮ ಪ್ರೈಮರ್ ನಿಂತಿರುವ ಜಾಗ ಯಾವುದು? ನಾಲ್ಕು ವರ್ಷದಲ್ಲಿ ನಾನು ನೋಡಿಯೇ ಇರಲಿಲ್ಲ! ನಮ್ಮ ಲ್ಯಾಬಿನ ಪದ್ಧತಿಯೇ ಹಾಗೆ. ಪ್ರೈಮರ್ ಫ್ರೀಜರಿನ ಹಳೇ ಡಬ್ಬಿಯಲ್ಲಿರುತ್ತದೆ, ಸೀನಿಯರ್ ಕೊಟ್ಟದ್ದನ್ನು ಜೂನಿಯರ್ ಕಣ್ಣು ಮುಚ್ಚಿಕೊಂಡು ತೆಗೆದುಕೊಳ್ಳುತ್ತಾರೆ. ಮುಗಿದರೆ ಅದನ್ನೇ ನಕಲು ಮಾಡಿ ಮತ್ತೆ ತರಿಸುತ್ತಾರೆ. ಮೊದಲು ಮಾಡಿಸಿದವರು ಮೇಡಂ. ಅವರ ಪ್ರೈಮರನ್ನು ಪರೀಕ್ಷೆ ಮಾಡುವ ಧೈರ್ಯ ಯಾರಿಗಿದೆ?

ಕೈ ತೊಳೆದು ಲ್ಯಾಪ್‌ಟಾಪ್ ತೆರೆದೆ. ಜೀವಕೋಶ ಜೀನಿನ ನಕಲನ್ನು ಇದ್ದ ಹಾಗೇ ಬಳಸುವುದಿಲ್ಲ. ಬೇಡದ್ದನ್ನು ಕತ್ತರಿಸಿ ಎಸೆದು, ಎಕ್ಸಾನ್ ಎನ್ನುವ ತುಂಡುಗಳನ್ನು ಒಂದಕ್ಕೊಂದು ಜೋಡಿಸಿಕೊಳ್ಳುತ್ತದೆ. ಒಂದು ಅಂಗದಲ್ಲಿ ಇಟ್ಟುಕೊಂಡ ತುಂಡನ್ನು ಇನ್ನೊಂದರಲ್ಲಿ ಕೈಬಿಡುವುದೂ ಉಂಟು. ಇದನ್ನು ಎಂ.ಎಸ್ಸಿ. ವಿದ್ಯಾರ್ಥಿಗಳಿಗೆ ಪಾಠ ಮಾಡಿದವಳೇ ನಾನು! ನಮ್ಮ ಎರಡು ಪ್ರೈಮರ್‌ಗಳಲ್ಲಿ ಒಂದು ಕೂತದ್ದು ನಾಲ್ಕನೇ ತುಂಡಿನ ಮೇಲೆ. ವೃಷಣ ಆ ತುಂಡನ್ನೇ ಬಿಟ್ಟಿದ್ದರೆ? ಜೀನ್ ಅಲ್ಲಿ ಕೆಲಸ ಮಾಡುತ್ತಿದ್ದರೂ ನಮಗೆ ಖಾಲಿಯೇ ಕಾಣುತ್ತದೆ, ಪ್ರೋಟೀನೂ ಗಿಡ್ಡವಾಗುತ್ತದೆ. ‘ಅಪ್ಪಾ!’ ಎಂದು ಕಿರುಚಿದೆ. ಮರುಕ್ಷಣವೇ ಇನ್ನೊಂದೂ ಹೊಳೆಯಿತು. ಇದು ನಿಜವಾದರೆ ನನಗೆ ಥೀಸಿಸ್ ಸಿಗುತ್ತದೆ, ಮೇಡಂ ಪ್ರಬಂಧ ತಪ್ಪಾಗುತ್ತದೆ.

ತಾಳ್ಮೆ ಇದ್ದವರು ಮೊದಲು ಅವರನ್ನು ಕೇಳುತ್ತಿದ್ದರು. ನಾನು ಕೇಳದೆ ಮೂರನೇ ತುಂಡಿಗೊಂದು, ಐದನೇ ತುಂಡಿಗೊಂದು ಹೊಸ ಪ್ರೈಮರ್ ಆರ್ಡರ್ ಮಾಡಿಬಿಟ್ಟೆ. ನಡುವೆ ನಾಲ್ಕನೆಯದು ಇದ್ದರೆ ಗೆರೆ ಮೇಲೆ ನಿಲ್ಲಬೇಕು. ಇಲ್ಲದಿದ್ದರೆ ಎಳೆ ಗಿಡ್ಡವಾಗಿ ಕೆಳಗೆ ಓಡಬೇಕು.

ಪ್ರೈಮರ್ ಬಂದ ದಿನವೇ ಜೆಲ್ ಓಡಿಸಿ ಬೆಳಕು ಹಾಕಿದೆ. ಮೆದುಳಿನ ಗೆರೆ ಮೇಲೆ. ವೃಷಣದ ಸಾಲಿನಲ್ಲಿ, ಅದಕ್ಕಿಂತ ಕೆಳಗೆ, ಫಳಫಳ ಹೊಳೆಯುವ ದಪ್ಪ ಗೆರೆ! ಗ್ಲೌಸ್ ಕೈಯಲ್ಲೇ ಚಪ್ಪಾಳೆ ಹೊಡೆದು ಕುಣಿದೆ. ಅಟೆಂಡರ್ ಓಡಿ ಬಂದು ‘ಶಾಕ್ ಹೊಡೀತಾ ಅಕ್ಕ?’ ಎಂದು ಗಾಬರಿಯಿಂದ ಕೇಳಿದರು. ಮತ್ತೆರಡು ಸಲ ಮಾಡಿದೆ, ಅದೇ ಬಂತು. ಆ ಗೆರೆಯನ್ನು ಕತ್ತರಿಸಿ, ಅಕ್ಷರಕ್ಕೆ ಅಕ್ಷರ ಓದಿಸಲು ಸೀಕ್ವೆನ್ಸಿಂಗ್‌ಗೆ ಕಳಿಸಿದೆ. ಮೂರನೇ ತುಂಡಿಗೆ ಐದನೆಯದು ಸೀದಾ ಅಂಟಿಕೊಂಡಿತ್ತು. ನಾಲ್ಕನೆಯದರ ಒಂದು ಅಕ್ಷರವೂ ಇರಲಿಲ್ಲ. ಇನ್ನು ಮೇಡಂಗೆ ಹೇಳದೆ ದಾರಿ ಇರಲಿಲ್ಲ. ಅವರ ಕಣ್ಣೆದುರೇ ತೋರಿಸೋಣ ಎಂದು ಹೊಸದಾಗಿ ಇನ್ನೊಂದು ಜೆಲ್ ಓಡಿಸಿ ಅವರನ್ನು ಕರೆದೆ.

ಬೆಳಕು ಕಣ್ಣಿಗೆ ಹೊಡೆಯದಂತೆ ಇಟ್ಟ ಮರೆಗಾಜಿನ ಹಿಂದಿನಿಂದ ಮೇಡಂ ಬಹಳ ಹೊತ್ತು ನೋಡಿದರು. ‘ಯಾವ ಪ್ರೈಮರ್?’

‘ಹೊಸ್ದು ಮೇಡಂ. ಹಳೇದು ನಾಲ್ಕನೇ ಎಕ್ಸಾನ್ ಮೇಲೆ ಕೂತಿತ್ತು.’

ಹಳೆಯದು ಯಾರದ್ದೆಂದು ನಾನು ಹೇಳಲಿಲ್ಲ. ಅವರು ಸ್ಟೂಲ್ ಎಳೆದುಕೊಂಡು ಕೂತರು. ನನಗೆ ಭಯವಾಯಿತು, ಅವರ ಮುಖ ನೋಡಿ ಪಾಪ ಅನ್ನಿಸಿತು, ಆದರೂ ಒಳಗಿನ ಸಂತೋಷ ಅಡಗುತ್ತಿರಲಿಲ್ಲ.

‘ಇಷ್ಟ್ ವರ್ಷ ಕ್ಲಾಸಲ್ಲಿ ಇಲ್ಲ ಇಲ್ಲ ಅಂತ್ಲೇ ಪಾಠ ಮಾಡ್ದೆ’ ಎಂದರು.

ನಾನು ಬೆಳಕು ಆರಿಸಲು ಹೋದೆ. ‘ಆರಿಸ್ಬೇಡ’ ಎಂದರು. ಆಮೇಲೆ, ‘ನನ್ ರಿಸಲ್ಟ್ ತಪ್ಪು ಅಂತ ಮೊದಲ ಪ್ಯಾರಾದಲ್ಲೇ ಬರಿ. ಮೆತ್ತಗೆ ಬರಿಯೋದಕ್ಕೆ ಹೋಗ್ಬೇಡ’ ಎಂದರು.

ಮತ್ತೆ ಎದ್ದು ಬಂದು, ಗಾಜಿಗೆ ಮೂಗು ತಾಗುವಷ್ಟು ಬಾಗಿದರು.

‘ಎಷ್ಟ್ ಚೆನ್ನಾಗಿದೆಯಲ್ಲೇ!’ ಎಂದರು.